ಬಾರದ ತುದಿಮಾತು

ನಕಲು ಮಾಡುವವರು ಒಂದಕ್ಷರವನ್ನೂ ಬದಲಿಸಬಾರದು ಎಂದು ನನಗೆ ಕಲಿಸಿದವರು ಅಪ್ಪ. ಅವರು ಗದಗಿನಲ್ಲಿ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತು ಖರೀದಿ ಪತ್ರ ಬರೆಯುತ್ತಿದ್ದರು. ನನ್ನ ಅಕ್ಷರ ದುಂಡಗಿತ್ತು. ಆ ಕಾರಣಕ್ಕೇ ಏಳನೆಯ ಇಯತ್ತೆಗೆ ಶಾಲೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ತೆಗೆದ ನಕಲನ್ನು ಅವರು ಕೊನೆಯ ಪದದಿಂದ ಮೊದಲ ಪದಕ್ಕೆ, ಹಿಮ್ಮುಖವಾಗಿ ಓದಿ ತಾಳೆ ನೋಡುತ್ತಿದ್ದರು. ಅರ್ಥದ ಬೆನ್ನು ಹತ್ತಿದರೆ ಕಣ್ಣು ತಪ್ಪನ್ನು ನುಂಗಿಬಿಡುತ್ತದೆ ಎನ್ನುತ್ತಿದ್ದರು. ಮದುವೆಯಾಗುವವರೆಗೆ ಹಾಗೆ ಬರೆದೆ. ಒಮ್ಮೆಯೂ ತಪ್ಪಲಿಲ್ಲ. ನಾನು ಬೇಕೆಂದೇ ತಪ್ಪು ಬರೆದದ್ದು ಒಂದೇ ಸಲ, ಅಮೆರಿಕದ ಸನ್ನಿವೇಲಿನ ಅಪಾರ್ಟ್‌ಮೆಂಟಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ. ಬರೆದದ್ದು ನನ್ನ ತಂಗಿಗೆ.

ತಂಗಿ ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ಬಿ.ಎ. ಓದಿದವಳು. ಅವಳ ಮಾತು ತೊದಲುತ್ತಿತ್ತು. ಮೊದಲ ಅಕ್ಷರ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿ, ಗದ್ದ ನಡುಗಿಸಿ ಅದನ್ನು ಹೊರಗೆ ತಳ್ಳುತ್ತಿದ್ದಳು. ಚಿಕ್ಕವಳಿದ್ದಾಗ ನನ್ನೊಂದಿಗೆ ದನಿಗೂಡಿಸಿ ಮಗ್ಗಿ ಹೇಳಿದರೆ ಮಾತ್ರ ತೊದಲುತ್ತಿರಲಿಲ್ಲ. ನಾನು ನಿಲ್ಲಿಸಿದ ಕಡೆ ಅವಳೂ ನಿಂತುಬಿಡುತ್ತಿದ್ದಳು, ಈಜು ಕಲಿಯುವವಳ ಹೊಟ್ಟೆಯ ಕೆಳಗಿನ ಕೈ ತೆಗೆದಂತೆ. ಎಷ್ಟೋ ಸಲ ಆಟಕ್ಕೆಂದು ಹದಿನೇಳರ ಮಗ್ಗಿಯ ನಡುವೆ ನಾನು ಬೇಕಂತಲೇ ನಿಲ್ಲಿಸಿದ್ದೇನೆ.

ನನ್ನ ಗಂಡ ಸನ್ನಿವೇಲಿನ ಒಂದು ಹೋಟೆಲಿನಲ್ಲಿ ಅಡುಗೆಯವರು. ನಾನು ಸುತ್ತಲಿನ ಎಂಜಿನಿಯರ್ ಹುಡುಗರಿಗೆ ಡಬ್ಬಿ ಊಟ ಕಟ್ಟುತ್ತಿದ್ದೆ. ಡಾಟ್‌ಕಾಮ್ ಕಂಪನಿಗಳು ಅಣಬೆಯಂತೆ ಏಳುತ್ತಿದ್ದ ಕಾಲಕ್ಕೆ ತಂಗಿಯೂ ಎಂಜಿನಿಯರ್ ಗಂಡನ ಜೊತೆ ಬಂದು ನಮ್ಮ ಹಿಂದಿನ ಬಿಲ್ಡಿಂಗಿನಲ್ಲೇ ಮನೆ ಮಾಡಿದಳು. ಅವಳ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಬ್ಯಾಂಕಿಗೋ ಡಾಕ್ಟರಿಗೋ ಫೋನು ಮಾಡಬೇಕಾದರೆ ಅವಳು ಇಂಗ್ಲಿಷ್ ಮಾತನ್ನು ಕನ್ನಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆಯುವಳು, ನಾನು ಅದನ್ನು ಫೋನಿನಲ್ಲಿ ಓದುವೆ. ಇಂಗ್ಲಿಷ್ ಬಲ್ಲವಳು ಸುಮ್ಮನಿರುತ್ತಿದ್ದಳು, ಬಾರದವಳು ಮಾತಾಡುತ್ತಿದ್ದೆ. ಅವಳ ಮಗಳ ಡೇಕೇರಿನವರಿಗೂ ನಾನೇ ಪರಿಚಯ. ಅದರಲ್ಲಿ ನನಗೊಂದು ಸುಖವಿತ್ತು ಎಂದು ಆಗ ಒಪ್ಪಿಕೊಳ್ಳುತ್ತಿರಲಿಲ್ಲ.

ಆಮೇಲೆ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ಡಬ್ಬಿಗಳೂ ಕಡಿಮೆಯಾದವು. ಕೆಲಸ ಉಳಿದವರು ಹೆದರಿ ಭಾನುವಾರವೂ ಆಫೀಸಿನಲ್ಲಿರುತ್ತಿದ್ದರು. ಅಂಥ ಹೊತ್ತಿನಲ್ಲಿ ಡಬ್ಬಿಯವರೇ ಏಳೆಂಟು ಜನ ಸೇರಿ ಒಂದು ನಾಟಕ ಮಾಡಬೇಕೆಂದರು, ಚದುರಿಹೋಗುವ ಮೊದಲು. ಬರೆದುಕೊಟ್ಟವರು ಮೈಸೂರಿನ ಮೇಷ್ಟ್ರು. ಕಾಲೇಜಿನಲ್ಲಿ ಇಂಗ್ಲಿಷ್ ನಾಟಕ ಪಾಠ ಮಾಡಿ ನಿವೃತ್ತರಾಗಿ, ಪ್ಲೆಸೆಂಟನ್‌ನಲ್ಲಿ ಮಗಳ ಮನೆಯಲ್ಲಿದ್ದರು. ಒಂದು ಭಾನುವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ರಾಜನ ಪಾತ್ರದವರು ತಕರಾರು ತೆಗೆದರು. ಅವರು ಹುಬ್ಬಳ್ಳಿಯ ಮುಸ್ಲಿಂ ಮನೆತನದವರು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಔಷಧದ ಲ್ಯಾಬಿನಲ್ಲಿ ಕೆಲಸ.

"ಸರ್, ರಿಹರ್ಸಲ್‌ಗೆ ಯಾರಿಗೂ ಟೈಮಿಲ್ಲ. ನಾನಂತೂ ಲ್ಯಾಬಿನ ಇಲಿ ಮುಖಾ ನೋಡಿದಷ್ಟು ಹೆಂಡ್ತಿ ಮುಖಾ ನೋಡಿಲ್ಲ."

"ರಿಹರ್ಸಲ್ ಯಾಕಯ್ಯ ಬೇಕು?" ಎಂದರು ಮೇಷ್ಟ್ರು. "ನಾನೂರು ವರ್ಷದ ಹಿಂದೆ ಲಂಡನ್ನಲ್ಲಿ ದಿನಕ್ಕೊಂದು ನಾಟಕ ಆಡೋರು. ಇವತ್ತು ಆಡಿದ್ದು ನಾಳೆ ಇಲ್ಲ. ನಿಮ್ಮ ಡೆಡ್‌ಲೈನು ಅವರ ಮುಂದೆ ಏನೂ ಅಲ್ಲ."

"ಮತ್ತ ಹೆಂಗ ಮಾಡ್ತಿದ್ರರೀ?"

ಮೇಷ್ಟ್ರು ಸಾರಿನ ಕೈಯಲ್ಲೇ ಹೇಳುತ್ತ ಹೋದರು. ಅಲ್ಲಿ ನಟನಿಗೆ ಪೂರ್ತಿ ನಾಟಕ ಕೊಡುತ್ತಿರಲಿಲ್ಲವಂತೆ. ಕೈಯಲ್ಲಿ ಬರೆದು ಮುಗಿಯಬೇಕಲ್ಲ. ಪ್ರತಿಯೊಬ್ಬನಿಗೂ ಅವನವನ ಮಾತು ಮಾತ್ರ ಉದ್ದನೆಯ ಪಟ್ಟಿಯಲ್ಲಿ ಬರೆದು, ಸುರುಳಿ ಸುತ್ತಿ ಕೊಡುತ್ತಿದ್ದರು. ಅವನ ಮಾತಿಗೆ ಮುಂಚೆ ಒಂದು ಗೆರೆ, ಗೆರೆಯ ತುದಿಗೆ ಹಿಂದಿನವನು ಆಡುವ ಕೊನೆಯ ಎರಡು ಮೂರು ಪದ. ಮೇಷ್ಟ್ರು ಅದನ್ನು ತುದಿಮಾತು ಎಂದರು. ತುದಿಮಾತು ಯಾರಿಂದ ಬರುತ್ತದೆ, ಯಾವಾಗ ಬರುತ್ತದೆ ಎನ್ನುವುದು ನಟನಿಗೆ ಗೊತ್ತಿಲ್ಲ. ಕಿವಿ ನಿಮಿರಿಸಿ ಕಾಯಬೇಕು, ಕೇಳಿದೊಡನೆ ಆಡಬೇಕು. ಎಲ್ಲರೂ ಸೇರಿ ಆಡಿ ನೋಡುವುದು ಎಂದರೆ ಆವತ್ತು ಬೆಳಿಗ್ಗೆ ಒಂದಿಷ್ಟು, ಕತ್ತಿವರಸೆ, ಕುಣಿತ ಇದ್ದರೆ ಅಷ್ಟು. ಯಾರು ಯಾವಾಗ ಒಳಗೆ ಬರಬೇಕೆಂಬ ಯಾದಿಯನ್ನು ಹಿಂದೆ ಮೊಳೆಗೆ ನೇತುಹಾಕುತ್ತಿದ್ದರು. ಪೂರ್ತಿ ನಾಟಕ ಇರುತ್ತಿದ್ದದ್ದು ಒಬ್ಬನ ಕೈಯಲ್ಲಿ ಮಾತ್ರ. ಅವನು ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಹೇಳಿಕೊಡುತ್ತಿದ್ದ.

"ಲೈಟಿಂಗು?"

"ಸೂರ್ಯ. ಮಧ್ಯಾಹ್ನ ಆಟ, ಮೇಲೆ ಬಯಲು. ರಾತ್ರಿ ಆಗ್ಬೇಕಾ, ನಟ ಉರಿಯೋ ಪಂಜು ಹಿಡ್ಕೊಂಡು ಬಂದ್ರಾಯ್ತು. ಜನ ನಡುಹಗಲಲ್ಲಿ ಕತ್ತಲು ನೋಡೋರು. ರಂಗದ ಮೇಲಿನ ಚಾವಣಿಗೆ ನಕ್ಷತ್ರ ಬರೆದು ಸ್ವರ್ಗ ಅನ್ನೋರು. ಕೆಳಗಿನ ಟೊಳ್ಳಿಗೆ ನರಕ. ಹಲಗೇಲೊಂದು ಕಿಂಡಿ ಬಾಗಿಲು. ಪ್ರೇತ ಅಲ್ಲಿಂದ ಬರೋದು. ಗುಡುಗಿಗೆ ಕಬ್ಬಿಣದ ಗುಂಡು ಉರುಳಿಸೋರು."

"ಹೆಂಗಸ್ರ ಪಾತ್ರ?"

"ಹುಡುಗ್ರು ಸೀರೆ... ಅಲ್ಲ, ಗೌನು ಉಡೋರು. ನಮ್ಮಲ್ಲಿ ಗಂಡಸ್ರೇ ಸಾಲ್ದು. ಹೆಂಗಸ್ರು ಮೀಸೆ ಅಂಟಿಸ್ಕೊಳ್ಳಿ."

ಎಲ್ಲರೂ ನಕ್ಕರು. ನಾಟಕದ ಕತೆ ಮಾತ್ರ ನಗುವಂಥದ್ದಲ್ಲ. ನಮ್ಮ ಕಡೆ ಜೋಳ ತುಂಬಿಡುವ ನೆಲದ ಹೊಂಡಕ್ಕೆ ಹಗೇವು ಎನ್ನುತ್ತಾರೆ. ಬಹಳ ದಿನ ಮುಚ್ಚಿದ ಹಗೇವಿನ ಗಾಳಿ ವಿಷವಾಗಿರುತ್ತದೆ, ಇಳಿದವರು ಮೇಲೆ ಬರುವುದಿಲ್ಲ. ನಾಟಕದಲ್ಲಿ ಅಣ್ಣ ರಾಜ್ಯದಾಸೆಗೆ ತಮ್ಮನನ್ನು ಹಗೇವಿಗೆ ಇಳಿಸಿ ಕೊಂದು, ಬಾಯಿ ಮುಚ್ಚಿ, ಅದರ ಮೇಲೆಯೇ ಸಿಂಹಾಸನ ಹಾಕಿ ಕೂರುತ್ತಾನೆ. ಕೊನೆಗೆ ತಮ್ಮನ ಪ್ರೇತ ಕೆಳಗಿನಿಂದ ಮಾತಾಡುತ್ತದೆ. ಪ್ರೇತಕ್ಕೆ ಇಡೀ ನಾಟಕದಲ್ಲಿ ಇರುವುದು ಏಳೆಂಟು ಸಾಲಿನ ಒಂದೇ ಮಾತು. ಮಾತು ಮುಗಿದ ಕೂಡಲೇ ಹಿಟ್ಟು ಬಳಿದ ಬಿಳಿ ಕೈ ಕಿಂಡಿಯಿಂದ ಮೇಲೆ ಬರಬೇಕು.

ಪಾತ್ರೆ ತೊಳೆಯುವಾಗ ತಂಗಿ ಬಂದು ಪಕ್ಕದಲ್ಲಿ ನಿಂತಳು. ಪ್ರೇತದ ಪಾತ್ರ ತನಗೆ ಬೇಕು ಎಂದಳು. ನಾನು ಕೈಯಲ್ಲಿದ್ದ ಪಾತ್ರೆ ಹಾಗೇ ಬಿಟ್ಟೆ.

"ಮಾತಿನ ಪಾತ್ರ ಅದು, ಹುಚ್ಚಿ."

"ಯಾ... ಯಾರೂ ನನ್ನ ಮುಖಾ ನೋಡಂಗಿಲ್ಲಲ್ಲ ಅಕ್ಕಾ. ಮುಖಾ ನೋಡಿದ್ರನ ಸಿಗಬೀಳತೈತಿ." ಆಮೇಲೆ ಮೆಲ್ಲಗೆ ಹೇಳಿದಳು. ಐದು ವರ್ಷದ ಮಗಳು ಗೊಂಬೆಗಳ ಜೊತೆ ಅಮ್ಮನ ಆಟ ಆಡುತ್ತಾಳಂತೆ. ಅಮ್ಮ ಗೊಂಬೆ ಮಾತಾಡುವಾಗ ಕಣ್ಣು ಮುಚ್ಚಿ ಗದ್ದ ನಡುಗಿಸುತ್ತಾಳಂತೆ. "ಅಣಕಸಾಕಲ್ಲ. ಅ... ಅಮ್ಮ ಅಂದ್ರ ಹಂಗ ಅಂತ ತಿಳಕೊಂಡಾಳ. ಒಂದ ಸಲ ಅಕಿ ಕಿವಿಗೆ ಬೀಳಬೇಕಕ್ಕಾ. ಒಂದ ಸಲ, ತಡೀಲಾರದ್ದು."

ಅವಳ ಗಂಡನ ಕೆಲಸ ಆ ವಾರವೇ ಹೋಗಿತ್ತು. ಮುಂದಿನ ತಿಂಗಳು ಅವರು ದೇಶ ಬಿಡಬೇಕು. ಆವತ್ತು ಮನೆಗೆ ಹೊರಡುವಾಗ ಇನ್ನೊಂದು ಮಾತು ಹೇಳಿದಳು. "ನಾಳಿಂದ ಡೇಕೇರಿಗೆ ನೀ ಬರಬ್ಯಾಡ. ನಾನ ಮಾತಾಡಿ ನೋಡ್ತೀನಿ."

ಸುರುಳಿಗಳನ್ನು ನಕಲು ತೆಗೆಯುವ ಕೆಲಸ, ಆಟದ ದಿನ ಪುಸ್ತಕ ಹಿಡಿದು ನಿಲ್ಲುವ ಕೆಲಸ ಎರಡನ್ನೂ ಮೇಷ್ಟ್ರು ನನಗೇ ಕೊಟ್ಟಿದ್ದರು. "ಅಚ್ಚು ಹಾಕಿದ ಹಾಗಿದೆ ತಾಯಿ ನಿಮ್ಮಕ್ಷರ" ಎಂದಿದ್ದರು. ನಾಲ್ಕು ದಿನ ಡಬ್ಬಿ ಕಟ್ಟಿ ಮುಗಿಸಿ ಬರೆದೆ. ಕಾಗದದ ಪಟ್ಟಿಗಳನ್ನು ಅಂಟಿಸಿ, ಗಂಡನ ಹೋಟೆಲಿನ ಪಕ್ಕದ ಚೀನಿ ಅಂಗಡಿಯಿಂದ ತಂದ ಊಟದ ಕಡ್ಡಿಗಳಿಗೆ ಸುತ್ತಿದೆ. ಪ್ರೇತದ ಸುರುಳಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ.

ರಾಜ ಸಿಂಹಾಸನದ ಮೇಲೆ ಕೂತು ಹೇಳುತ್ತಾನೆ: ಈ ನೆಲದ ಕೆಳಗೆ ಕಾಳಿದೆ, ಕತ್ತಲಿದೆ, ಮತ್ತೇನೂ ಇಲ್ಲ. ಪ್ರೇತದ ತುದಿಮಾತು 'ಮತ್ತೇನೂ ಇಲ್ಲ'. ನಾನು ಗೆರೆ ಎಳೆದೆ. ಗೆರೆಯ ತುದಿಗೆ 'ಬಾಗಿಲು ತೆಗೆಯಿರಿ' ಎಂದು ಬರೆದೆ. ಇಡೀ ನಾಟಕದಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಪುಸ್ತಕ ಇರುವುದು ನನ್ನೊಬ್ಬಳ ಹತ್ತಿರ. ಅದು ನನ್ನನ್ನು ಬಿಟ್ಟು ಯಾರಿಗೂ ತಿಳಿಯುವುದಿಲ್ಲ.

ಅವಳು ಜನರ ನಡುವೆ ತೊದಲಿ ನಗೆಪಾಟಲಾಗಬಾರದು, ಮಗಳ ಎದುರಿಗಂತೂ ಆಗಬಾರದು, ಅವಳ ಮಾತು ಬಾರದಿದ್ದರೆ ಪುಸ್ತಕ ನೋಡಿ ನಾನೇ ಆಡಿಬಿಡುತ್ತೇನೆ, ಎಲ್ಲರೂ ಬಚಾವಾಗುತ್ತಾರೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಅವಳು ತಾನೇ ಮಾತಾಡಿಬಿಟ್ಟರೆ ನಾನು ಯಾರು ಎಂಬುದು ನನಗೆ ಗೊತ್ತಿರಲಿಲ್ಲ. ಬರೆದ ಮೇಲೆ ಅಪ್ಪನ ರೂಢಿಯಂತೆ ಹಿಮ್ಮುಖವಾಗಿ ಓದಿದೆ. 'ತೆಗೆಯಿರಿ ಬಾಗಿಲು' ಎಂದು ಓದುವಾಗ, ಯಾರೋ ಒಳಗಿನಿಂದ ಕೇಳಿದಂತಾಗಿ ಬಾಗಿಲ ಕಡೆ ನೋಡಿದೆ.

ನಾಟಕ ನಡೆದದ್ದು ಪ್ಲೆಸೆಂಟನ್‌ನ ಒಂದು ಆಫೀಸ್ ಪಾರ್ಕಿನಲ್ಲಿ, ಮುಚ್ಚಿಹೋದ ಕಂಪನಿಯೊಂದರ ಒಳಂಗಳದಲ್ಲಿ. ಬೀಗದ ಕೈ ಇದ್ದ ಮ್ಯಾನೇಜರು ಮೇಷ್ಟ್ರ ಮಗಳಿಗೆ ಪರಿಚಯ. ಸುತ್ತ ಮೂರು ಅಂತಸ್ತು, ಪ್ರತಿ ಅಂತಸ್ತಿಗೂ ಅಂಗಳಕ್ಕೆ ತೆರೆದ ಮೊಗಸಾಲೆ. ಮೇಷ್ಟ್ರು ಕುಣಿಯುವುದೊಂದು ಬಾಕಿ. ಲಂಡನ್ನಿನಲ್ಲೂ ಮೊದಮೊದಲು ಹೀಗೇ ಛತ್ರಗಳ ಅಂಗಳದಲ್ಲಿ ಆಡುತ್ತಿದ್ದರಂತೆ, ಅನುಕೂಲಸ್ಥರು ಮೇಲೆ ಮೊಗಸಾಲೆಯಲ್ಲಿ ಕೂರುತ್ತಿದ್ದರು, ಉಳಿದವರು ಅಂಗಳದಲ್ಲಿ ರಂಗಕ್ಕೆ ಒತ್ತಿಕೊಂಡು ನಿಲ್ಲುತ್ತಿದ್ದರು. ನಮ್ಮ ಮೊಗಸಾಲೆಗಳಲ್ಲಿ ಯಾರೂ ಇರಲಿಲ್ಲ. ಗಾಜಿನ ಹಿಂದೆ ಖಾಲಿ ಕುರ್ಚಿಗಳು, ಒಂದು ಗೋಡೆಯ ಮೇಲೆ ಯಾರದೋ ಹುಟ್ಟುಹಬ್ಬದ ಬಲೂನಿನ ಒಣಗಿದ ತೊಗಲು. ಒಳಗೆಲ್ಲೋ ಒಂದು ಫೋನು ಆಗಾಗ ರಿಂಗಾಗುತ್ತಿತ್ತು. ಎತ್ತುವವರಿರಲಿಲ್ಲ. ಅದು ಯಾರ ನಂಬರು, ಯಾರು ಮಾಡುತ್ತಿದ್ದಾರೆ ಎಂದು ಯಾರೂ ಕೇಳಲಿಲ್ಲ.

ಕಂಪನಿಯ ಮೀಟಿಂಗ್ ಮೇಜುಗಳನ್ನೇ ಜೋಡಿಸಿ ರಂಗ ಮಾಡಿದೆವು. ಸುತ್ತ ಕಪ್ಪು ಬಟ್ಟೆ ಇಳಿಬಿಟ್ಟೆವು. ಎರಡು ಮೇಜಿನ ನಡುವೆ ಸಂದು ಬಿಟ್ಟು ಪ್ಲೈವುಡ್ಡಿನ ತುಂಡು ಮುಚ್ಚಿದ್ದು ಕಿಂಡಿ. ಅದರ ಹಿಂದೆ ಯಾವುದೋ ದೊಡ್ಡ ಸಾಹೇಬನ ಚರ್ಮದ ಕುರ್ಚಿ, ಅದೇ ಸಿಂಹಾಸನ. ಅದಕ್ಕೂ ಹಿಂದೆ ಪರದೆ ಕಟ್ಟಿ, ಅದೇ ಮೇಜುಗಳ ಮೇಲೆ ನಾನು ಪುಸ್ತಕ ಹಿಡಿದು ನಿಂತೆ. ತಂಗಿ ಆಟದ ಆರಂಭಕ್ಕೇ ಬಟ್ಟೆ ಸರಿಸಿ ಕೆಳಗೆ ತೆವಳಿದಳು. ಒಳಗೆ ಹೋಗುವ ಮುನ್ನ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಯಾದಿ ಸರಿಯಾಗಿ ತೂಗುತ್ತಿದೆಯೇ ಎಂದು ನೋಡುವವಳಂತೆ ಆ ಕಡೆ ತಿರುಗಿದೆ.

ಬಿಸಿಲು ನೆತ್ತಿಯ ಮೇಲಿತ್ತು. ಇಪ್ಪತ್ತು ಮೂವತ್ತು ಜನ ನಿಂತು ನೋಡುತ್ತಿದ್ದರು, ಅವರ ಬಿಂಬ ಮೂರು ಅಂತಸ್ತಿನ ಗಾಜಿನಲ್ಲೂ ಇತ್ತು. ಮೇಲಿನವರೂ ನೋಡುತ್ತಿದ್ದಾರೆ ಎನಿಸುತ್ತಿತ್ತು. ಮೇಷ್ಟ್ರು ಹೇಳಿದ್ದು ನಿಜವಾಗಿತ್ತು. ತಮ್ಮ ಏನು ಹೇಳುತ್ತಾನೆಂದು ಅಣ್ಣನಿಗೆ ಗೊತ್ತಿಲ್ಲ, ರಾಣಿ ಏನು ಹೇಳುತ್ತಾಳೆಂದು ಮಂತ್ರಿಗೆ ಗೊತ್ತಿಲ್ಲ. ಎಲ್ಲರೂ ಒಬ್ಬರ ಬಾಯನ್ನೊಬ್ಬರು ನೋಡುತ್ತ, ಬೇಟೆಯ ಪ್ರಾಣಿಗಳ ಹಾಗೆ ಎಚ್ಚರವಾಗಿದ್ದರು. ತಮ್ಮನನ್ನು ಹಗೇವಿಗೆ ಇಳಿಸಿದಾಗ ಮೀಸೆ ಅಂಟಿಸಿದ್ದ ಹೆಂಗಸು ನಿಜವಾಗಿಯೇ ಅತ್ತಳು, ಅದು ಬರುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

ಕೊನೆಗೆ ರಾಜ ಉರಿಯುವ ಪಂಜು ಹಿಡಿದು ಬಂದು ಕೂತ. ಆ ಉರಿಬಿಸಿಲಿನಲ್ಲಿ ಪಂಜಿನ ಬೆಂಕಿ ಕಾಣುತ್ತಲೇ ಇರಲಿಲ್ಲ, ಅದರ ಮೇಲಿನ ಗಾಳಿ ಮಾತ್ರ ನಡುಗುತ್ತಿತ್ತು. "ಈ ನೆಲದ ಕೆಳಗೆ ಕಾಳಿದೆ, ಕತ್ತಲಿದೆ, ಮತ್ತೇನೂ ಇಲ್ಲ" ಎಂದ.

ಮಾತು ಮರೆತವರಿಗೆ ಮೂರು ಉಸಿರಿನಷ್ಟು ಕಾಯಬೇಕೆಂದು ಮೇಷ್ಟ್ರು ಹೇಳಿದ್ದರು. ನಾನು ಒಂದು ಉಸಿರಿಗೂ ಕಾಯಲಿಲ್ಲ. ಪರದೆಯ ಹಿಂದಿನಿಂದ ತಂಗಿಯ ಮಾತನ್ನು ಆಡತೊಡಗಿದೆ. "ಅಣ್ಣಾ, ನಿನ್ನ ಕಾಲ ಕೆಳಗೆ ನಾನಿದ್ದೇನೆ. ಕಾಳಿನ ಜೊತೆ ನನ್ನನ್ನೂ ಮುಚ್ಚಿದೆ. ಕಾಳು ಮೊಳೆಯಲಿಲ್ಲ, ನಾನು ಮೊಳೆತೆ..."

ಅಂಗಾಲು ಜುಮುಗುಟ್ಟಿತು. ಮೇಜಿನ ಹಲಗೆ ಸಣ್ಣಗೆ ನಡುಗುತ್ತಿತ್ತು. ನನ್ನ ದನಿಯೇ ಹಲಗೆಗೆ ಇಳಿದು ಹಾಗಾಗುತ್ತಿದೆ ಎಂದುಕೊಂಡೆ. ನಾಲ್ಕನೆಯ ಸಾಲಿನ ನಡುವೆ ಉಸಿರು ಸಾಲದೆ ನಿಲ್ಲಿಸಿದೆ.

ಹಲಗೆಯ ನಡುಕ ನಿಲ್ಲಲಿಲ್ಲ.

ನನ್ನ ಕಾಲ ಕೆಳಗೆ ಮಾತು ಮುಂದುವರಿಯುತ್ತಿತ್ತು. ಮೆಲುದನಿ, ತಣ್ಣಗೆ, ಒಂದು ಪದದ ಹಿಂದೆ ಇನ್ನೊಂದು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹದಿನೇಳರ ಮಗ್ಗಿಯಲ್ಲಿ ನಾನು ನಿಂತಲ್ಲಿ ನಿಲ್ಲುತ್ತಿದ್ದವಳ ದನಿ ಅದೆಂದು ನನಗೆ ತಟ್ಟನೆ ಹೊಳೆಯಲೇ ಇಲ್ಲ. ಯಾವುದೋ ಬೇರೆಯದು ಕೆಳಗೆ ಕೂತು ನನ್ನ ಕೈಯ ಪುಸ್ತಕ ಓದುತ್ತಿದೆ ಎನಿಸಿತು. ಹೆದರಿ, ಇನ್ನಷ್ಟು ಗಟ್ಟಿಯಾಗಿ ಉಳಿದ ಸಾಲುಗಳನ್ನು ಕೂಗಿದೆ. ಕೂಗಿನ ಕೆಳಗೆ ಅದು ಮುಳುಗಿತು. ಕೊನೆಯ ಪದ ಮುಗಿದ ಕೂಡಲೇ ಪ್ಲೈವುಡ್ಡು ಸರಿದು, ಬಿಳಿ ಕೈ ಸರಿಯಾದ ಗಳಿಗೆಗೆ ಮೇಲೆ ಬಂತು. ರಾಜನಾದವರು ನಿಜವಾಗಿಯೇ ಕಿರುಚಿಕೊಂಡರು.

'ಬಾಗಿಲು ತೆಗೆಯಿರಿ' ಎಂಬ ಮಾತಿಗೆ ಕಾಯಬೇಕಾದವಳಿಗೆ ಆ ಗಳಿಗೆ ಹೇಗೆ ತಿಳಿಯಿತು? ಚಪ್ಪಾಳೆಯ ನಡುವೆ ನಾನು ಅದನ್ನೇ ಯೋಚಿಸುತ್ತ ಕೆಳಗಿಳಿದೆ. ತಂಗಿಯ ಮಗಳು ಆಟದುದ್ದಕ್ಕೂ ರಂಗಕ್ಕೆ ಕೆನ್ನೆ ಒತ್ತಿ ನಿಂತಿದ್ದಳು. ಓಡಿ ಬಂದು ನನ್ನ ಸೆರಗು ಹಿಡಿದಳು.

"ದೊಡ್ಡಮ್ಮಾ, ಟೂ ಪೀಪಲ್ ವರ್ ಟಾಕಿಂಗ್. ಯೂ ಆಂಡ್ ಮಮ್ಮಿ. ಮಮ್ಮಿ ಸ್ಟಾರ್ಟೆಡ್ ಫಸ್ಟ್."

"ಇಲ್ಲ ಪುಟ್ಟಿ. ನಾ ಒಬ್ಬಾಕಿನ."

"ನೋ. ಯೂ ಸ್ಟಾಪ್ಡ್. ಶೀ ಡಿಡಂಟ್." ಆಮೇಲೆ ಆಶ್ಚರ್ಯದಿಂದ, ಗುಟ್ಟು ಹೇಳುವವಳಂತೆ, "ಶೀ ಡಿಡ್ ನಾಟ್ ಗೆಟ್ ಸ್ಟಕ್" ಎಂದಳು.

ನಾನು ಬಗ್ಗಿ, ಆ ಮಗುವಿನ ಭುಜ ಹಿಡಿದು ಹೇಳಿದೆ: "ಅದು ಎಕೋ. ಗಾಜಿನ ಬಿಲ್ಡಿಂಗಿಗೆ ಬಡದು ವಾಪಸ್ ಬಂದೈತಿ. ಮಮ್ಮಿ ಮಾತಾಡಿಲ್ಲ. ತಿಳೀತಿಲ್ಲೋ?"

ಅಷ್ಟರಲ್ಲಿ ತಂಗಿ ಬಟ್ಟೆಯ ಅಡಿಯಿಂದ ತೆವಳಿ ಹೊರಗೆ ಬಂದಳು. ಬೆವರಿನಲ್ಲಿ ತೊಯ್ದಿದ್ದಳು. ಬಲಗೈ ಮಾತ್ರ ಬೆಳ್ಳಗಿತ್ತು. ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮ ಪ್ರೇತಕ್ಕೆ ತುದಿಮಾತು ತಪ್ಪಿಹೋಯ್ತು, ಅಕ್ಕ ಕಾಪಾಡಿಬಿಟ್ರು. ಪುಸ್ತಕ ಹಿಡಿಯೋರು ಅಂದ್ರೆ ಹೀಗಿರ್ಬೇಕು!" ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ತಂಗಿ ಯಾರನ್ನೂ ನೋಡಲಿಲ್ಲ, ಮಗಳನ್ನು ನೋಡಿದಳು. ಕೇಳಿಸಿತಾ ಎಂದು ಕಣ್ಣಲ್ಲೇ ಕೇಳಿದಳು. ಮಗು ನನ್ನ ಮುಖ ನೋಡಿತು. ನನ್ನ ಕೈ ಇನ್ನೂ ಅದರ ಭುಜದ ಮೇಲಿತ್ತು.

ಇಬ್ಬರ ಪರವಾಗಿಯೂ ನಾನೇ ಮಾತಾಡಿದೆ. "ಇರಲಿ ಬಿಡ. ಒಳಗ ಏನೂ ಕೇಳಿಸಿರಾಂಗಿಲ್ಲ ನಿನಗ."

ತಂಗಿ ತಲೆಯಾಡಿಸಿದಳು. ಒಳಗೆ ಆ ಫೋನು ಮತ್ತೆ ರಿಂಗಾಗುತ್ತಿತ್ತು. ಅವಳು ಅದು ನಿಲ್ಲುವವರೆಗೆ ಕೇಳುತ್ತ ನಿಂತಿದ್ದಳು, ಆಮೇಲೆ ಕೈ ತೊಳೆಯಲು ಹೋದಳು.

ಎರಡು ವಾರದಲ್ಲಿ ಅವರು ಹೊರಟರು. ನನಗೆಂದು ಬಿಟ್ಟುಹೋದ ಪೆಟ್ಟಿಗೆಯಲ್ಲಿ ರೈಸ್ ಕುಕ್ಕರು, ಎರಡು ಬಾಣಲೆ, ತಳದಲ್ಲಿ ಪ್ರೇತದ ಸುರುಳಿ ಇತ್ತು. ಬಿಚ್ಚಿದೆ. ನನ್ನ ದುಂಡಕ್ಷರದ 'ಬಾಗಿಲು ತೆಗೆಯಿರಿ' ಹಾಗೇ ಇತ್ತು. ಅದನ್ನು ಹೊಡೆದು ಹಾಕಿರಲಿಲ್ಲ. ಅದರ ಮೇಲೆ ಪೆನ್ಸಿಲಿನಲ್ಲಿ, ಸಣ್ಣದಾಗಿ, 'ಮತ್ತೇನೂ ಇಲ್ಲ' ಎಂದು ಬರೆದಿದ್ದಳು.

ಆ ವಾರ ಡಬ್ಬಿಗೆ ಬಂದ, ರಾಜನಾಗಿದ್ದ ಹುಬ್ಬಳ್ಳಿಯವರನ್ನು, ತಂಗಿ ಏನಾದರೂ ವಿಚಾರಿಸಿದ್ದಳೇ ಎಂದು ಕೇಳಿದೆ. "ಹೌದ್ರೀ ಅಕ್ಕಾರ, ಆಟದ ದಿನಾ ಮುಂಜಾನೆ ನಾ ನನ್ನ ಸುರುಳಿ ಬಾಯಿಪಾಠ ಮಾಡಾಕತ್ತಿದ್ದೆ. ಕೇಳಿಸ್ಕೊಂಡು, ನಿಮ್ಮ ಕೊನೀ ಮಾತು ಯಾವ್ದ್ರೀ ಅಂತ ಚೀಟಿ ಬರದು ಕೇಳಿದ್ರು. ಯಾಕ್ರೀ, ಏನಾರ ತಪ್ಪಾತೇನು?"

"ಇಲ್ರೀ" ಎಂದೆ. ಡಬ್ಬಿ ಕೊಟ್ಟು ಕಳಿಸಿದೆ.

ಹಾಗಾದರೆ ಅದು ಕೈತಪ್ಪಲ್ಲವೆಂದು ಆ ದಿನ ಬೆಳಿಗ್ಗೆಯೇ ಅವಳಿಗೆ ಗೊತ್ತಿತ್ತು. ನಕಲಿನಲ್ಲಿ ನನ್ನ ಕೈ ತಪ್ಪುವುದಿಲ್ಲ ಎನ್ನುವುದು ಅಪ್ಪನ ನಂತರ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಗೊತ್ತಿದ್ದೂ ಒಂದು ಮಾತಾಡದೆ ಆ ಟೊಳ್ಳಿಗೆ ತೆವಳಿ, ನಿಜವಾದ ತುದಿಮಾತು ಬಂದಾಗ ಬಾಯಿ ತೆರೆದಳು. ಒಂದು ಉಸಿರಿಗೂ ನಾನು ಬಿಡಲಿಲ್ಲ.

ಅವರು ಪುಣೆಯಲ್ಲಿ, ಮರಾಠಿ ಶಾಲೆಯಲ್ಲಿ ಓದಿದ ಅವಳ ಗಂಡನ ಊರಲ್ಲಿ, ನೆಲೆಸಿದರು. ಈಚೆಗೆ ತಂಗಿ ಫೋನಿನಲ್ಲಿ ಮಾತಾಡುವುದು ಕಡಿಮೆ, ಮೆಸೇಜು ಬರೆಯುತ್ತಾಳೆ. ಆ ದಿನದ ಬಗ್ಗೆ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಒಬ್ಬಳೇ ಇರುವಾಗ ಏನಾದರೂ ಗಟ್ಟಿಯಾಗಿ ಓದುತ್ತಿದ್ದರೆ ನನಗೊಂದು ಚಾಳಿ ಬಿದ್ದಿದೆ. ನಡುವೆ ತಟ್ಟನೆ ನಿಲ್ಲಿಸಿ, ಅಂಗಾಲನ್ನು ನೆಲಕ್ಕೆ ಒತ್ತಿ ನಿಲ್ಲುತ್ತೇನೆ. ನಮ್ಮದು ಮರದ ನೆಲದ ಹಳೆಯ ಬಿಲ್ಡಿಂಗು. ಕೆಳಗಿನ ಮನೆ ಬಹಳ ದಿನ ಖಾಲಿಯಿತ್ತು. ಆಗಲೂ ನೆಲ ಒಂದೆರಡು ಸಲ ನಡುಗಿದೆ.

ತಂಗಿ ತಿಳಿದಿರುವುದು ಇಷ್ಟು: ತಾನು ತಡೆಯಿಲ್ಲದೆ ಮಾತಾಡಿದೆ, ಅದು ಯಾರ ಕಿವಿಗೂ ಬೀಳಲಿಲ್ಲ. ಬಿತ್ತು. ಯಾರ ಕಿವಿಗೆ ಬೀಳಬೇಕಿತ್ತೋ ಅದೇ ಕಿವಿಗೆ ಬಿತ್ತು. ಮಗು ಅದನ್ನು ನನ್ನ ಹತ್ತಿರ ತಂದು ಒಪ್ಪಿಸಿತು, ನಾನು ಅಲ್ಲಿಯೇ ಮುಚ್ಚಿದೆ.

ಈ ಬರಹವನ್ನು ಕೊನೆಯ ಪದದಿಂದ ಮೊದಲ ಪದಕ್ಕೆ ಓದಿ ತಾಳೆ ನೋಡಿದ್ದೇನೆ. ಇದರದೊಂದು ನಕಲು ತಂಗಿಗೆ ಹೋಗುತ್ತದೆ, ಇನ್ನೊಂದು ಅವಳ ಮಗಳಿಗೆ. ಮಗಳಿಗೆ ಈಗ ಮೂವತ್ತು ಸಮೀಪಿಸಿದೆ, ಕನ್ನಡ ಅಕ್ಷರ ಬರುವುದಿಲ್ಲ. ಯಾರಾದರೂ ಓದಿ ಹೇಳಬೇಕು. ಆ ಮನೆಯಲ್ಲಿ ಕನ್ನಡ ಓದಬಲ್ಲವಳು ಅವಳ ಅಮ್ಮನೊಬ್ಬಳೇ, ಗಟ್ಟಿಯಾಗಿ ಓದಬೇಕಾದೀತು. ಎಲ್ಲಿ ಸಿಕ್ಕಿಕೊಂಡರೂ ನಾನು ಅಲ್ಲಿರುವುದಿಲ್ಲ.